ಲೋಡ್ ಬಿದ್ದಾಗ

ಶಿವಮೊಗ್ಗದ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯೊಂದರ ಸರ್ವಿಸ್ ಬೆಂಚಿಗೆ ನಾನು ಸೇರಿದ್ದು 2007ರಲ್ಲಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ. ಆಗ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ವೈರಸ್ಸಿನವು, ಪ್ರಿಂಟರಿನವು, ಸದ್ದು ಮಾಡುವ ಹಾರ್ಡ್ ಡಿಸ್ಕಿನವು. ಅವಕ್ಕೆಲ್ಲ ಒಂದು ದಾರಿ ಇತ್ತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೂ ತಲೆಯಿಂದ ಇಳಿಯದೇ ಇರುತ್ತಿದ್ದ ದೂರು ಮಾತ್ರ ಒಂದೇ: "ಗೇಮ್ ಆಡ್ತಾ ಇದ್ದಾಗ ಸ್ಕ್ರೀನ್ ಕಪ್ಪಾಗುತ್ತೆ ಅಕ್ಕಾ." ಹೇಳುವವರು ಸಾಮಾನ್ಯವಾಗಿ ಕಾಲೇಜು ಹುಡುಗರು. ಪಕ್ಕದಲ್ಲಿ ಅಪ್ಪನೋ ಸೋದರಮಾವನೋ ನಿಂತಿರುತ್ತಿದ್ದರು. ಹುಡುಗ ಬಾಯಿ ಮುಚ್ಚುವ ಮೊದಲೇ ಅವರ ತೀರ್ಪು ಬರುತ್ತಿತ್ತು: "ಆಡಿ ಆಡಿನೇ ಹಾಳು ಮಾಡಿಟ್ಟಿದಾನೆ."

ಆ ತೀರ್ಪನ್ನು ನಾನು ಆಗಲೂ ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ. ಸೋರುವ ಮಾಡಿಗೆ ಮಳೆಯೇ ತೂತು ಕೊರೆಯಿತು ಎಂದು ನಮ್ಮ ಮಲೆನಾಡಿನಲ್ಲಿ ಯಾರೂ ಹೇಳುವುದಿಲ್ಲ, ಇದೂ ಹಾಗೆಯೇ. ಕಾಗದ ಪತ್ರ ಟೈಪ್ ಮಾಡುವಾಗ, ಸಿನಿಮಾ ನೋಡುವಾಗ ಗ್ರಾಫಿಕ್ಸ್ ಕಾರ್ಡಿಗೆ ಹತ್ತಿಪ್ಪತ್ತು ವ್ಯಾಟ್ ಸಾಕು. ಆಟ ತೆರೆದುಕೊಂಡ ಮರುಕ್ಷಣ ಅದೇ ಕಾರ್ಡು ನೂರೈವತ್ತು, ಇನ್ನೂರು ವ್ಯಾಟ್ ಕೇಳುತ್ತದೆ. ಪ್ರೊಸೆಸರ್, ಮೆಮೊರಿ, ಕರೆಂಟ್ ಹಂಚುವ ಎಸ್‌ಎಂಪಿಎಸ್, ಫ್ಯಾನುಗಳು, ಕೊನೆಗೆ ಗೋಡೆಯ ಸಾಕೆಟ್ಟು ಇವೆಲ್ಲವಕ್ಕೂ ಒಟ್ಟಿಗೆ ಪೂರ್ತಿ ಕೆಲಸ ಬೀಳುವುದು ಮನೆಯ ಕಂಪ್ಯೂಟರಿನಲ್ಲಿ ಆಟದ ಹೊತ್ತಿಗೆ ಮಾತ್ರ. ಎಲ್ಲಿ ಸಡಿಲವಿದೆಯೋ ಅಲ್ಲಿ ಆಗ ಬಿಡುತ್ತದೆ. ಆಡದೇ ಇದ್ದಿದ್ದರೆ ದೋಷ ಇರುತ್ತಿರಲಿಲ್ಲ ಎಂದಲ್ಲ, ಕಾಣುತ್ತಿರಲಿಲ್ಲ ಅಷ್ಟೆ.

ಕಪ್ಪಾಗುವುದರಲ್ಲೂ ಬಗೆಗಳಿವೆ. ಇದು ಕೈಗೆ ಹತ್ತುವುದಕ್ಕೆ ನನಗೆ ಕೆಲವು ವರ್ಷ ಹಿಡಿಯಿತು. ಹತ್ತಿದ ಮೇಲೆ ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚುವ ಮೊದಲು ಹುಡುಗರನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳತೊಡಗಿದೆ. ಕಪ್ಪಾದ ಮೇಲೂ ಸೌಂಡ್ ಬರ್ತಿತ್ತಾ? ನಮ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಹತ್ತುತ್ತಿತ್ತಾ? ಫ್ಯಾನ್ ಒಮ್ಮೆಗೇ ಜೋರಾಯಿತಾ? ತಾನಾಗೇ ರೀಸ್ಟಾರ್ಟ್ ಆಯಿತಾ, ನೀನು ಬಟನ್ ಒತ್ತಿದೆಯಾ? "ಸ್ಕ್ರೀನ್ ಪೂರ್ತಿ ಕಪ್ಪು, ಆದ್ರೆ ಹೆಡ್‌ಫೋನಲ್ಲಿ ಫ್ರೆಂಡ್ಸ್ ಮಾತಾಡ್ತಾನೇ ಇದ್ರು ಅಕ್ಕಾ, ಎಲ್ಲೋದ್ಯೋ ಎಲ್ಲೋದ್ಯೋ ಅಂತ" ಎಂದು ಒಬ್ಬ ಹೇಳಿದ್ದ. ಆ ಒಂದು ಮಾತು ಅರ್ಧ ಕೆಲಸ ಮುಗಿಸಿಕೊಟ್ಟಿತು. ಕಂಪ್ಯೂಟರ್ ಬದುಕಿದೆ, ಇಂಟರ್‌ನೆಟ್ ಇದೆ, ಆಟವೂ ನಡೆಯುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಅಂದರೆ ಮೊದಲು ನೋಡಬೇಕಾದದ್ದು ಕೇಬಲ್ಲು, ಮಾನಿಟರ್ರು, ಕಾರ್ಡಿನ ಹಿಂದಿನ ಪೋರ್ಟು. ಚಿತ್ರ ಹೋಗಿ, ಕೊನೆಯ ಸದ್ದಿನ ಚೂರೊಂದೇ ಟ್ರ್ರ್ರ್ ಎಂದು ಕೊರೆಯುತ್ತಿದ್ದರೆ ಇಡೀ ಯಂತ್ರ ಸಿಕ್ಕಿಕೊಂಡಿದೆ. ಕಪ್ಪಾಗುತ್ತಲೇ ಕಾರ್ಡಿನ ಫ್ಯಾನುಗಳು ಭೋರೆಂದು ಪೂರ್ತಿ ವೇಗಕ್ಕೆ ಏರಿದರೆ, ಶಾಖಕ್ಕೋ ಕರೆಂಟಿನ ಕೊರತೆಗೋ ಕಾರ್ಡೇ ಕೈಚೆಲ್ಲಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ನೀಲಿ ಪರದೆ, ಎಚ್ಚರಿಕೆ ಯಾವುದೂ ಇಲ್ಲದೆ ಪಟಕ್ಕನೆ ಆರಿ ಮತ್ತೆ ಹೊತ್ತಿಕೊಂಡರೆ ನಾನು ನೇರ ಎಸ್‌ಎಂಪಿಎಸ್ ಕಡೆ ತಿರುಗುತ್ತಿದ್ದೆ.

ವಿಂಡೋಸ್ ಕೂಡ ಒಂದು ಮಟ್ಟಿಗೆ ಸಾಕ್ಷಿ ಹೇಳುತ್ತದೆ. ಎಕ್ಸ್‌ಪಿ ಕಾಲದಲ್ಲಿ ಗ್ರಾಫಿಕ್ಸ್ ಚಿಪ್ಪು ಸಿಕ್ಕಿಕೊಂಡರೆ ಸಾಮಾನ್ಯವಾಗಿ ಇಡೀ ಕಂಪ್ಯೂಟರೇ ಕಲ್ಲಾಗುತ್ತಿತ್ತು. ವಿಸ್ಟಾದಿಂದ ಈಚೆಗೆ ಮೈಕ್ರೋಸಾಫ್ಟ್ ಒಂದು ಕಾವಲು ಇಟ್ಟಿತು: ಕೊಟ್ಟ ಕೆಲಸಕ್ಕೆ ಕಾರ್ಡಿನಿಂದ 2 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಡ್ರೈವರನ್ನು ಕೆಳಗಿಳಿಸಿ ಮತ್ತೆ ಎಬ್ಬಿಸುವುದು. ಕಣ್ಣಿಗೆ ಕಾಣುವುದು ಒಂದು ಕ್ಷಣದ ಕಪ್ಪು, ಆಮೇಲೆ ಮೂಲೆಯಲ್ಲಿ 'ಡಿಸ್‌ಪ್ಲೇ ಡ್ರೈವರ್ ಸ್ಟಾಪ್ಡ್ ರೆಸ್ಪಾಂಡಿಂಗ್' ಎಂಬ ಸಾಲು. ಈವೆಂಟ್ ವ್ಯೂವರಿನಲ್ಲಿ 4101 ಎಂಬ ನಂಬರು. ರಿಜಿಸ್ಟ್ರಿಗೆ ಕೈಹಾಕಿ ಆ ಎರಡನ್ನು ಎಂಟೋ ಹತ್ತೋ ಮಾಡಿಕೊಂಡು ಬರುವ ಹುಡುಗರಿದ್ದರು. ಅದರಿಂದ ಕಾಯುವುದು ಉದ್ದವಾಗುತ್ತದೆ, ಕಾರ್ಡು ಯಾಕೆ ಉತ್ತರ ಕೊಡಲಿಲ್ಲ ಎಂಬುದು ಹಾಗೇ ಉಳಿಯುತ್ತದೆ. ಇನ್ನೊಂದು ನಂಬರು 41, ಕರ್ನಲ್ ಪವರ್. ಪವರ್ ಎಂಬ ಪದ ಕಂಡದ್ದೇ ತಡ, ಹೊಸ ಎಸ್‌ಎಂಪಿಎಸ್ ಕೊಂಡುಬಿಟ್ಟವರನ್ನು ನೋಡಿ ಮರುಗಿದ್ದೇನೆ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು ಎಂದಷ್ಟೇ ಅದು ಹೇಳುತ್ತದೆ. ಯಾಕೆ ನಿಂತಿತು ಎಂಬುದು ಅದಕ್ಕೂ ಗೊತ್ತಿರುವುದಿಲ್ಲ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಭಾಗದ ಅಸೆಂಬಲ್ಡ್ ಕಂಪ್ಯೂಟರುಗಳ ಸಂಕಟದ ಮೂಲ ಬಹಳ ಸಲ ಅಲ್ಲೇ ಸಿಕ್ಕಿದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತಿದ್ದ ಅಗ್ಗದ ಕ್ಯಾಬಿನೆಟ್ಟುಗಳ ಒಳಗೇ ಒಂದು ಎಸ್‌ಎಂಪಿಎಸ್ ಕೂತಿರುತ್ತಿತ್ತು. ಮೇಲೆ 450 ವ್ಯಾಟ್ ಎಂದು ದಪ್ಪಕ್ಷರ. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿನ ಸಾಲಿಗೆ ಬೆರಳಿಟ್ಟು ನೋಡಿದರೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಬಹುಪಾಲು ಈ 12 ವೋಲ್ಟಿನಿಂದಲೇ. ಉಳಿದ ಸಾಲುಗಳಲ್ಲಿ ಎಷ್ಟು ಬರೆದಿದ್ದರೂ ಅವಕ್ಕೆ ಉಪಯೋಗವಿಲ್ಲ. ಮುಚ್ಚಳ ತೆಗೆದರೆ, ಕರೆಂಟ್ ಒಳಬರುವ ಕಡೆ ಗಲಾಟೆ ಸೋಸಬೇಕಾದ ಕಾಯಿಲ್ಲಿನ ಜಾಗದಲ್ಲಿ ಬರಿಯ ತಂತಿಯ ತುಂಡು ಬೆಸೆದಿರುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಕೆಪಾಸಿಟರುಗಳ ನೆತ್ತಿ ಉಬ್ಬಿ ಕಂದು ಬಣ್ಣದ ಪುಡಿ ಕಟ್ಟಿಕೊಂಡಿರುತ್ತಿತ್ತು. ಅಂಥದ್ದಕ್ಕೆ ಆರು ಪಿನ್ನಿನ ಕನೆಕ್ಟರೇ ಇರುವುದಿಲ್ಲ. ಮೊಲೆಕ್ಸ್‌ನಿಂದ ಕನ್ವರ್ಟರ್ ಹಾಕಿ ಕಾರ್ಡಿಗೆ ಕೊಟ್ಟಿರುತ್ತಾರೆ. ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್, ಆರು ಪಿನ್ನಿನಿಂದ 75, ಎಂಟು ಪಿನ್ನಾದರೆ 150 ಎಂಬುದು ಲೆಕ್ಕ. ಆ ಲೆಕ್ಕವನ್ನು ಸಡಿಲ ಮೊಲೆಕ್ಸ್ ಪಿನ್ನು ಹೊರಲಾರದೆ ಬಿಳಿಯ ಪ್ಲಾಸ್ಟಿಕ್ಕು ಕಂದಿ, ಹಳದಿ ವೈರು ಬುಡದಲ್ಲಿ ಗಟ್ಟಿಯಾಗಿ, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಇದನ್ನು ಕೈಗೆ ಕೊಟ್ಟು ತೋರಿಸಿದಾಗ ಎಷ್ಟೋ ಅಪ್ಪಂದಿರು ಸುಮ್ಮನಾಗಿದ್ದಾರೆ.

ಆದರೆ ಎಲ್ಲವೂ ಹೀಗೆ ಕಣ್ಣಿಗೆ ಕಂಡು ಮೂಗಿಗೆ ಬಡಿಯುವುದಿಲ್ಲ. 2016ರ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಅಡಿಕೆ ತೋಟದ ಮನೆ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ ರಜೆಗೆ ಊರಿಗೆ ಬಂದಿದ್ದ. ಜಿಟಿಎ ಫೈವ್ ಹಾಕಿದರೆ ಅರ್ಧ ಗಂಟೆಗೋ ಒಂದು ಗಂಟೆಗೋ ಕಪ್ಪು, ಆಮೇಲೆ ರೀಸ್ಟಾರ್ಟ್. ಕಾರ್ಡು 120 ವ್ಯಾಟಿನದು, ಹೊಸತು. ಬೆಂಚಿನ ಮೇಲಿಟ್ಟು ಕಾರ್ಡನ್ನು ದಣಿಸುವ ಫರ್‌ಮಾರ್ಕ್ ಓಡಿಸಿದೆ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಬಿಟ್ಟೆ, ಹುಡುಗನನ್ನೇ ಕೂರಿಸಿ ಮಧ್ಯಾಹ್ನದಿಂದ ಸಂಜೆವರೆಗೆ ಅದೇ ಗೇಮ್ ಆಡಿಸಿದೆ. ಏನೂ ಆಗಲಿಲ್ಲ. ಬೆಂಚಿನ ಮೇಲೆ ಸರಿ, ಮನೆಯಲ್ಲಿ ಕೆಡುತ್ತದೆ. ಸರ್ವಿಸ್ ಕೆಲಸದಲ್ಲಿ ಇದಕ್ಕಿಂತ ಕಷ್ಟದ ದೂರು ಇಲ್ಲ. ಅಪ್ಪನಿಗೆ ಮಾತ್ರ ವಿಷಯ ಸ್ಪಷ್ಟವಿತ್ತು. "ಗೇಮ್ ಬಿಟ್ರೆ ಸರಿಯಾಗುತ್ತಲ್ಲಮ್ಮ, ಮತ್ತೇನು?"

ನಾನು ಹುಡುಗನಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಪ್ರತಿ ಸಲ ಕಪ್ಪಾದಾಗ ಬರೆದಿಡು ಮಾರಾಯ ಅಂದೆ: ತಾರೀಕು, ಗಂಟೆ, ಯಾವ ಗೇಮ್, ಸೌಂಡ್ ಇತ್ತೋ ಇಲ್ಲವೋ, ಮನೆಯಲ್ಲಿ ಆಗ ಬೇರೇನು ನಡೀತಿತ್ತು. ಕಪ್ಪಾಗದ ದಿನವನ್ನೂ ಬರಿ, ಅದು ಇನ್ನೂ ಮುಖ್ಯ ಅಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದೂ ಹೇಳಿ ಕಳಿಸಿದೆ. ಹತ್ತು ಬದಲಾವಣೆ ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮತ್ತೆ ಕೆಟ್ಟಾಗ ಮೊದಲಿನಿಂದ ಶುರು.

ಕೆಲವು ವಾರ ಬಿಟ್ಟು ಅವನ ನೋಟ್‌ಬುಕ್ ವಾಪಸ್ ಬಂದಾಗ ಅದರಲ್ಲಿ ನಾನು ಹೇಳದ ಒಂದು ಕಾಲಂ ಇತ್ತು. ಹುಡುಗನ ಗೆರೆಗಳು ನೀಲಿ ಶಾಯಿಯವು. ಈ ಕಾಲಂ ಕೆಂಪು ಬಾಲ್‌ಪೆನ್ನಿನಲ್ಲಿ, ಸ್ವಲ್ಪ ಸೊಟ್ಟಗೆ, ದೊಡ್ಡ ಅಕ್ಷರದಲ್ಲಿ: '3 ಫೇಸ್'. ಕೆಳಗೆ ಪ್ರತಿ ಸಾಲಿಗೂ ಇತ್ತು, ಇಲ್ಲ, ಇಲ್ಲ, ಇತ್ತು. ಬರೆದದ್ದು ಅಪ್ಪ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ತೋಟದವರಿಗೆ ಗಡಿಯಾರ ನೋಡದೆಯೂ ಗೊತ್ತಿರುತ್ತದೆ. ಕಪ್ಪಾದ ಸಾಲುಗಳೆಲ್ಲದರ ಎದುರು 'ಇತ್ತು'. ತ್ರೀ ಫೇಸ್ ಇದ್ದೂ ಕಪ್ಪಾಗದ ಸಾಲುಗಳೂ ಇದ್ದವು; ಆ ಹೊತ್ತಿನಲ್ಲಿ ಹುಡುಗ ಸಿನಿಮಾ ನೋಡುತ್ತಿದ್ದ. ತ್ರೀ ಫೇಸ್ ಇಲ್ಲದಾಗ ಗಂಟೆಗಟ್ಟಲೆ ಆಡಿದ ದಿನಗಳೂ ಇದ್ದವು, ಒಂದು ತೊಂದರೆಯಿಲ್ಲ. ಎರಡೂ ಒಟ್ಟಿಗೆ ಸೇರಿದಾಗ ಮಾತ್ರ ಯಂತ್ರ ಬೀಳುತ್ತಿತ್ತು. ನನ್ನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಬರೆದಿಟ್ಟ ಕಾಗದವನ್ನು ನಾನು ಮತ್ತೆ ನೋಡಿಲ್ಲ.

ಮಲ್ಟಿಮೀಟರ್ ತೆಗೆದುಕೊಂಡು ಬಸ್ಸು ಹತ್ತಿ ಅವರ ಮನೆಗೆ ಹೋದೆ. ಮಧ್ಯಾಹ್ನ ಸಾಕೆಟ್ಟಿನಲ್ಲಿ 228 ವೋಲ್ಟ್. ಕಂಪ್ಯೂಟರಿನ 12 ವೋಲ್ಟಿನ ಹಳದಿ ವೈರಿನಲ್ಲಿ, ಗೇಮ್ ಓಡುತ್ತಿರುವಾಗ, 11.7. ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ನಿಯಮದಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅಂದರೆ 11.4ರವರೆಗೆ ಇಳಿಯಬಹುದು. ಸಂಜೆ ತ್ರೀ ಫೇಸ್ ಬಂತು. ಅವರ ಮೋಟಾರು, ಪಕ್ಕದ ತೋಟದ್ದು, ಕೆಳಗಿನ ಗದ್ದೆಯದ್ದು ಒಂದಾದ ಮೇಲೊಂದು ಶುರುವಾದವು. ಸಾಕೆಟ್ಟಿನಲ್ಲಿ 190, 178, ಆಮೇಲೆ 165. ಬಲ್ಬು ಕೆಂಪಗಾಯಿತು. ಹಳದಿ ವೈರು 11.2ಕ್ಕೆ ಬಂತು, ಹುಡುಗ ಆಟದೊಳಗೆ ಕಾರು ತಿರುಗಿಸಿದ, 10.9, ಕಪ್ಪು.

ಆ ಎಸ್‌ಎಂಪಿಎಸ್ಸಿನ ಹಿಂದೆ 115/230 ಎಂಬ ಕೆಂಪು ಸ್ವಿಚ್ಚಿತ್ತು. ಅಂಥವು ಬಂದ ಕರೆಂಟನ್ನು ನೇರ ಡಿಸಿ ಮಾಡಿ ಎರಡು ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತವೆ. 230 ಬಂದರೆ ಅಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. 165 ಬಂದರೆ 233. ಅಷ್ಟರಲ್ಲೇ ಸಿನಿಮಾ ನೋಡುವಷ್ಟು ಕೆಲಸ ನಡೆಯುತ್ತದೆ. ಆಟದ ಹಸಿವಿಗೆ ಸಾಲುವುದಿಲ್ಲ. ನನ್ನ ಬೆಂಚಿನಲ್ಲಿ ಅದು ಕೆಡದೇ ಇದ್ದದ್ದು ದುರ್ಗಿಗುಡಿಯ ಕರೆಂಟ್ ಒಳ್ಳೆಯದಿದ್ದುದರಿಂದ. ಇದನ್ನೆಲ್ಲ ಹುಡುಗನಿಗೆ ಹೇಳುತ್ತಿದ್ದೆ. ಅಪ್ಪ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದವರು ಒಳಗೆ ಬಂದರು. "ನಮ್ಮ ಮೋಟ್ರೂ ಹಿಂಗೇ ಕಣಮ್ಮ. ವೋಲ್ಟೇಜ್ ಇಳಿದ್ರೆ ಆಂಪ್ಸ್ ಏರುತ್ತೆ, ಸ್ಟಾರ್ಟರ್ ಬೀಳುತ್ತೆ. ಮೋಟ್ರು ಕೆಟ್ಟಿದೆ ಅಂತ ಯಾರು ಹೇಳ್ತಾರೆ?" ಅಂದರು. ಹೌದು ಗೌಡ್ರೆ, ಅಷ್ಟೇ ವಿಷಯ ಅಂದೆ. "ಹಂಗಾದ್ರೆ ಇವನ ತಪ್ಪೇನಿಲ್ಲ" ಎಂದು ಮಗನ ಕಡೆ ನೋಡದೆ, ಮೀಟರಿನ ಕಡೆ ನೋಡುತ್ತಲೇ ಹೇಳಿದರು. 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ, ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ತರಿಸಿ ಹಾಕಿದೆ. 165 ವೋಲ್ಟಿನಲ್ಲೂ 12 ವೋಲ್ಟಿನ ಸಾಲು ಅಲುಗಲಿಲ್ಲ.

ಎರಡು ಕಾರಣ ಸೇರಿದಾಗಲೇ ಕಾಣಿಸಿಕೊಳ್ಳುವ ಇಂಥ ದೋಷಗಳು ಆಮೇಲೂ ಸಿಕ್ಕಿವೆ. ಗೋಪಾಳ ಬಡಾವಣೆಯ ಮನೆಯೊಂದರಲ್ಲಿ ಮಾನಿಟರ್ ಎರಡು ಸೆಕೆಂಡು ಕಪ್ಪಾಗಿ ತಾನೇ ವಾಪಸ್ ಬರುತ್ತಿತ್ತು. ಆಟದ ಸದ್ದು ಒಂಚೂರೂ ಕಡಿಯುತ್ತಿರಲಿಲ್ಲ. ಹೀಗಾಗುತ್ತಿದ್ದದ್ದು ಸೀಲಿಂಗ್ ಫ್ಯಾನಿನ ಸ್ವಿಚ್ ಹಾಕಿದಾಗ, ಕೆಲವು ಸಲ ಆಡುತ್ತಿದ್ದ ಹುಡುಗಿ ಗ್ಯಾಸ್ ಲಿಫ್ಟ್ ಇರುವ ಕುರ್ಚಿಯಿಂದ ಎದ್ದಾಗ. ಕುರ್ಚಿಯ ಮಾತನ್ನು ಮನೆಯವರು ಯಾರೂ ನಂಬಿರಲಿಲ್ಲ. ಆದರೆ ಅದು ನಿಜವಾದ ಸಂಗತಿ: ಅಂಥ ಕುರ್ಚಿಯಿಂದ ಎದ್ದಾಗ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಯನ್ನು ಸಾಧಾರಣ ವಿಡಿಯೋ ಕೇಬಲ್ಲು ಹಿಡಿದುಕೊಳ್ಳಬಲ್ಲದು, ಹಿಡಿದರೆ ಮಾನಿಟರು ಚಿತ್ರದ ಜಾಡು ತಪ್ಪಿ ಕಪ್ಪಾಗುತ್ತದೆ. ಆ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ಸಿನ ಫಿಲ್ಟರಿನಿಂದ ಕ್ಯಾಬಿನೆಟ್ಟಿನ ಮೈಗೆ ಮನೆಯ ಕರೆಂಟಿನ ಅರ್ಧದಷ್ಟು ವೋಲ್ಟೇಜು ಬಂದು ಕೂರುತ್ತದೆ. ಹರಿಯುವ ಕರೆಂಟ್ ತೀರಾ ಸಣ್ಣದು, ಆದರೆ ಇರುತ್ತದೆ. ಹಿತ್ತಲಿಗೆ ಹೋಗಿ ನೋಡಿದರೆ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು, ತಂತಿ ತುಕ್ಕು ಹಿಡಿದು ಕಳಚಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಮಾಡಿಸಿ, ಕೇಬಲ್ಲನ್ನು ಒಳ್ಳೆಯ ಶೀಲ್ಡಿನ ಗಿಡ್ಡ ಕೇಬಲ್ಲಿಗೆ ಬದಲಿಸಿದೆವು. ಆ ಹುಡುಗಿಗೆ ಅಷ್ಟು ದಿನ ಎಲ್ಲರೂ ಹೇಳಿದ್ದು ಒಂದೇ, ಕಣ್ಣಿಗೆ ರೆಸ್ಟ್ ಕೊಡು ಅಂತ.

2020, 21ರ ವರ್ಷಗಳು ಬೇರೆ ಥರದವು. ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದ್ದವು. ಗೆಳೆಯರು ಒಬ್ಬರಿಗೊಬ್ಬರು ಸಿಗುತ್ತಿದ್ದದ್ದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಆಟಗಳಲ್ಲಿ. ಹೊಸ ಗ್ರಾಫಿಕ್ಸ್ ಕಾರ್ಡು ಸಿಗುತ್ತಿರಲಿಲ್ಲ. ಸಿಕ್ಕರೆ ಬೆಲೆ ಕೇಳುವ ಹಾಗಿರಲಿಲ್ಲ. ಇದ್ದುದನ್ನೇ ಉಳಿಸಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಮಂಕಾದ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿದ್ದೇನೆ, ಪೇಂಟ್ ಬ್ರಷ್ಷಿನಿಂದ ಹೀಟ್ ಸಿಂಕಿನ ಧೂಳು ಬಿಡಿಸಿದ್ದೇನೆ, ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ್ದೇನೆ. ಬೀಗ ಹಾಕಿದ ಅಂಗಡಿಯ ಹಿಂಬಾಗಿಲಿಗೆ ಮಾಸ್ಕ್ ಹಾಕಿಕೊಂಡು ಬಂದು ಕಾರ್ಡು ಕೊಟ್ಟು ಹೋಗುತ್ತಿದ್ದ ಹುಡುಗರ ಕಣ್ಣಲ್ಲಿ ಇದ್ದದ್ದು ಆಟದ ಚಟ ಎಂದು ನನಗೆ ಅನಿಸಲಿಲ್ಲ.

ಅದೇ 2021ರ ಜುಲೈಯಲ್ಲಿ ಅಮೆಜಾನ್‌ನವರ ನ್ಯೂ ವರ್ಲ್ಡ್ ಆಟದ ಬೀಟಾ ಆಡುತ್ತಿದ್ದ ಕೆಲವರ ದುಬಾರಿ ಕಾರ್ಡುಗಳು ಸತ್ತವು. ಆಟವೇ ಕಾರ್ಡು ಕೊಂದಿತು ಎಂದು ಜಗತ್ತೆಲ್ಲ ಸುದ್ದಿಯಾಯಿತು. ನಮ್ಮ ಅಂಗಡಿಗೆ ಬರುವ ಅಪ್ಪಂದಿರ ಮಾತನ್ನೇ ದೊಡ್ಡ ದನಿಯಲ್ಲಿ ಕೇಳಿದಂತಾಯಿತು. ಕೆಲವು ವಾರಗಳ ನಂತರ ಕಾರ್ಡು ತಯಾರಿಸಿದವರೇ ಹೇಳಿದರು, ಆ ಕಾರ್ಡುಗಳ ಬೆಸುಗೆಯಲ್ಲಿ ದೋಷವಿತ್ತು ಎಂದು. ಆಟದ ಮೆನುವಿನಲ್ಲಿ ಫ್ರೇಮುಗಳಿಗೆ ಮಿತಿ ಇರಲಿಲ್ಲ, ಅದರಿಂದ ಲೋಡ್ ಒಮ್ಮೆಗೇ ಏರುತ್ತಿತ್ತು, ನಿಜ. ಗಟ್ಟಿಯಿದ್ದ ಕಾರ್ಡುಗಳು ಆ ಲೋಡನ್ನು ತಡೆದವು.

ಇನ್ನೊಂದು ಸಂಗತಿ ಈಚಿನದು. ಆಟ ತೆರೆಯುವಾಗ 'ಔಟ್ ಆಫ್ ವಿಡಿಯೋ ಮೆಮೊರಿ' ಎಂದು ತೋರಿಸಿ ಬೀಳುವ ಕಾಟ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರುಗಳಿರುವ ಯಂತ್ರಗಳಲ್ಲಿ ಹಬ್ಬಿತು. ಆ ಸಾಲು ಓದಿದವರು ಯಾರಾದರೂ ಬೈಯುವುದು ಗ್ರಾಫಿಕ್ಸ್ ಕಾರ್ಡನ್ನು. ದೋಷವಿದ್ದದ್ದು ಪ್ರೊಸೆಸರಿನಲ್ಲಿ. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳುವ ಮೈಕ್ರೋಕೋಡ್‌ನಿಂದ ಚಿಪ್ಪು ಸವೆಯುತ್ತಿದೆ ಎಂದು 2024ರ ಜುಲೈಯಲ್ಲಿ ಇಂಟೆಲ್ ಒಪ್ಪಿಕೊಂಡಿತು, ಆಗಸ್ಟಿನಲ್ಲಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು 2 ವರ್ಷ ಮುಂದಕ್ಕೆ ಹಾಕಿತು. ಆಗಲೇ ಸವೆದ ಚಿಪ್ಪುಗಳಿಗೆ ಆ ತಿದ್ದುಪಡಿಯಿಂದ ಗುಣವಿಲ್ಲ, ಬದಲಿಸಿಕೊಳ್ಳಲೇಬೇಕು. ಪರದೆಯ ಮೇಲೆ ಬರುವ ಸಾಲು ಬಿದ್ದ ಜಾಗವನ್ನು ಹೇಳುತ್ತದೆ. ತಳ್ಳಿದವರು ಯಾರೆಂದು ಹೇಳುವುದಿಲ್ಲ. ಅದಕ್ಕೇ ನಾನು ಈಗಲೂ ಬರೆದಿಟ್ಟ ಕಾಗದವನ್ನು, ಮೀಟರಿನ ಅಂಕಿಯನ್ನು, ಒಂದೊಂದೇ ಭಾಗ ಬದಲಿಸಿ ನೋಡುವುದನ್ನು ಹೆಚ್ಚು ನಂಬುವುದು.

ಒಂದು ವಿಷಯದಲ್ಲಿ ನನಗೆ ಸಿಟ್ಟು ಇಳಿದಿಲ್ಲ. ಕೆಲವು ಸರ್ವಿಸ್ ಸೆಂಟರುಗಳ ಚೀಟಿಯಲ್ಲಿ ಇವತ್ತೂ ಕಾರಣದ ಜಾಗದಲ್ಲಿ 'ಓವರ್ ಗೇಮಿಂಗ್' ಎಂದು ಬರೆದು ಕಳಿಸುತ್ತಾರೆ. ಅಳತೆಯಿಲ್ಲ, ಪರೀಕ್ಷೆಯಿಲ್ಲ, ಎರಡು ಪದ. ಆಡುವುದಕ್ಕೆಂದೇ ಮಾಡಿ, ಹಾಗೆಂದೇ ಹೇಳಿ ಮಾರಿದ ವಸ್ತುವಿನ ಬಗ್ಗೆ ಈ ಮಾತು. ಆ ಚೀಟಿ ಹಿಡಿದು ಮನೆಗೆ ಹೋದ ಮಗುವಿಗೆ ರಾತ್ರಿ ಏನು ಕಾದಿರುತ್ತದೆ ಎಂದು ಬರೆದವರು ಯೋಚಿಸಿರುವುದಿಲ್ಲ. ನನ್ನ ಬೆಂಚಿನಿಂದ ಹೋಗುವ ಚೀಟಿಯಲ್ಲಿ ನಾನು ಬರೆಯುವುದು ಇಷ್ಟು: ಲೋಡಿಲ್ಲದಾಗ 12 ವೋಲ್ಟಿನ ಸಾಲು ಎಷ್ಟಿತ್ತು, ಲೋಡ್ ಬಿದ್ದಾಗ ಎಷ್ಟಕ್ಕೆ ಇಳಿಯಿತು, ಕಾರ್ಡಿನ ಶಾಖ ಎಷ್ಟು ಡಿಗ್ರಿ ಮುಟ್ಟಿತು, ಯಾವ ಭಾಗ ಸೋತಿತ್ತು, ಅದರ ಜಾಗಕ್ಕೆ ಏನು ಹಾಕಿದೆ. ಕೆಟ್ಟ ಭಾಗವನ್ನು ಕವರಿನಲ್ಲಿ ಹಾಕಿ ಚೀಟಿಯ ಜೊತೆಗೇ ಪಿನ್ ಮಾಡಿ, ಅಪ್ಪನ ಕೈಗಲ್ಲ, ಆಡುವವರ ಕೈಗೇ ಕೊಡುತ್ತೇನೆ.